ಧ್ರುವದ ದಾರಿ, ಘಟ್ಟದ ದಾರಿ

ದೂರವೆಂಬುದನ್ನು ಕೊಡಗಿನವರಾದ ನಾವು ಮೈಲಿಗಳಿಂದ ಅಳೆದವರಲ್ಲ, ವೇಳೆಯಿಂದ ಅಳೆದವರು.

2021ರ ಜನವರಿಯಲ್ಲಿ ಏರ್ ಇಂಡಿಯಾದ ವಿಮಾನವೊಂದು ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟು, ಎಲ್ಲಿಯೂ ಇಳಿಯದೆ ಬೆಂಗಳೂರನ್ನು ಮುಟ್ಟಿತು. ಅದನ್ನು ನಡೆಸಿದವರು ಜೋಯಾ ಅಗರ್ವಾಲ್ ಮತ್ತು ಅವರ ಸಂಗಡಿಗರು, ಎಲ್ಲರೂ ಮಹಿಳೆಯರು. ಸುಮಾರು 14,000 ಕಿಲೋಮೀಟರು, ಸುಮಾರು 17 ಗಂಟೆ. ಉತ್ತರಧ್ರುವದ ಮೇಲಿಂದ ಬಂದರೆಂದು ಕೇಳಿ ಬೆರಗಾಗಬೇಕಿಲ್ಲ. ಭೂಮಿ ಗುಂಡಗಿರುವುದರಿಂದ ಅದೇ ಹತ್ತಿರದ ಹಾದಿ. ಗೋಡೆಯ ಭೂಪಟದಲ್ಲಿ ನಾವೆಳೆಯುವ ಗೆರೆ ಕಣ್ಣಿಗಷ್ಟೇ ನೇರ.

ಆದರೆ ವಿಮಾನ ಇಳಿಯುವುದು ದೇವನಹಳ್ಳಿಯಲ್ಲಿ. ಅಲ್ಲಿಂದ ಮಡಿಕೇರಿಗೆ ಮುನ್ನೂರು ಕಿಲೋಮೀಟರುಗಳ ಆಸುಪಾಸು. ಮಡಿಕೇರಿಗೆ ರೈಲಿಲ್ಲ, ರಸ್ತೆಯಲ್ಲಿ ಆರೇಳು ಗಂಟೆ. ಆಕಾಶದ ದೂರದ ನಲವತ್ತರಲ್ಲೊಂದು ಪಾಲೂ ಅಲ್ಲದ ಈ ನೆಲದ ಹಾದಿ, ಆಕಾಶದ ವೇಳೆಯ ಮೂರನೆಯ ಒಂದು ಪಾಲನ್ನು ನುಂಗಿಬಿಡುತ್ತದೆ! 2018ರ ಡಿಸೆಂಬರಿನಲ್ಲಿ ಕಣ್ಣೂರಿನ ನಿಲ್ದಾಣ ತೆರೆದು ವಿರಾಜಪೇಟೆಯವರಿಗೆ ಗಲ್ಫ್ ಹತ್ತಿರವಾಯಿತು, ಮಳೆಗಾಲದಲ್ಲಿ ಮಾಕುಟ್ಟದ ಘಟ್ಟ ಕುಸಿಯದಿದ್ದರೆ.

ಮನೆಯಲ್ಲಿ ಸಾವಾದಾಗ ಈ ಲೆಕ್ಕ ಬರಿಯ ಲೆಕ್ಕವಾಗಿ ಉಳಿಯುವುದಿಲ್ಲ. ಹೊರದೇಶದ ಮಗನಿಗಾಗಿ ಹೆಣವನ್ನು ಎಷ್ಟು ಹೊತ್ತು ಕಾಯಿಸುವುದೆಂದು ಹಿರಿಯರು ಅಂಗಳದಲ್ಲಿ ಕುಳಿತು ಮಾತನಾಡುವುದನ್ನು ನಾನು ಕೇಳಿದ್ದೇನೆ. ಸಾಗರ, ಧ್ರುವ ಯಾವುದೂ ಅವರ ಬಾಯಲ್ಲಿ ಬರುವುದಿಲ್ಲ. "ಕುಶಾಲನಗರದ ಸೇತುವೆ ದಾಟಿದನೇ?" ಎಂದಷ್ಟೇ ಕೇಳುತ್ತಾರೆ.