ಏಕಮುಖ ಸಂಚಾರ: ಯಾರ ಅನುಕೂಲಕ್ಕೆ?

(ನಿಡಘಟ್ಟದಲ್ಲಿ ಮಾಡಿದ ಭಾಷಣ)



ಬೆಂಗಳೂರು–ಮೈಸೂರು ಹೆದ್ದಾರಿಯನ್ನು ಎರಡು ಭಾಗ ಮಾಡಿ ಕಟ್ಟಿದರು. ಬೆಂಗಳೂರಿನಿಂದ ನಿಡಘಟ್ಟದವರೆಗೆ ಒಂದು, ನಿಡಘಟ್ಟದಿಂದ ಮೈಸೂರಿನವರೆಗೆ ಇನ್ನೊಂದು. 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ನಡುವೆ ಆರು ಪಥ. ಪಕ್ಕಗಳಲ್ಲಿ ತಲಾ ಎರಡು ಪಥದ ಸರ್ವಿಸ್ ರಸ್ತೆ. ಅದೇ ವರ್ಷದ ಆಗಸ್ಟ್ 1ರಿಂದ ಮೋಟಾರು ಸೈಕಲ್, ಆಟೋ, ಟ್ರ್ಯಾಕ್ಟರ್, ಎತ್ತಿನ ಗಾಡಿ ಯಾವುದೂ ನಡುವಿನ ಪಥಕ್ಕೆ ಬರಕೂಡದೆಂದು ಆಜ್ಞೆಯಾಯಿತು. ದುಡಿಯುವವನ ವಾಹನವೆಲ್ಲಾ ಪಕ್ಕದ ಕಿರುದಾರಿಗೆ ಬಂದು ನಿಂತಿತು. ಆ ಕಿರುದಾರಿ ಇನ್ನು ಏಕಮುಖವಾಗಬೇಕೆ, ಎರಡೂ ಕಡೆಗೆ ಓಡಾಡಲು ಬಿಡಬೇಕೆ? ಇದೇ ಪ್ರಶ್ನೆ.

ಏಕಮುಖ ಬೇಕೆನ್ನುವವರ ಮಾತನ್ನು ಮೊದಲು ಕೇಳೋಣ. ಕಬ್ಬು ತುಂಬಿದ ಟ್ರ್ಯಾಕ್ಟರ್ ಎದುರಿನಿಂದ ಬಂದರೆ ಸೈಕಲ್ಲಿನವನಿಗೆ ಜಾಗವೆಲ್ಲಿ? ರಾತ್ರಿ ಪಾಳಿ ಮುಗಿಸಿ ಬರುವವನ ಕಣ್ಣಿಗೆ ಎದುರು ದೀಪ ಹೊಡೆದರೆ ಗತಿಯೇನು? ಮುಖಾಮುಖಿ ಡಿಕ್ಕಿ ತಪ್ಪಿಸಲು ಏಕಮುಖ ಒಳ್ಳೆಯ ಉಪಾಯ. ಇದನ್ನು ಅಲ್ಲಗಳೆಯುವವನು ಜನರ ಪ್ರಾಣಕ್ಕೆ ಬೆಲೆ ಕೊಡದವನು.

ಆದರೆ ಒಂದು ಸಣ್ಣ ಲೆಕ್ಕ ಮಾಡಿ. ರಸ್ತೆ ದಾಟುವ ಕೆಳಸೇತುವೆಗಳ ನಡುವೆ 2 ಕಿಲೋಮೀಟರು ಅಂತರವಿದೆಯೆಂದು ಇಟ್ಟುಕೊಳ್ಳಿ. ನಿಮ್ಮ ಮನೆಯಿಂದ 200 ಮೀಟರು ಹಿಂದೆ ದಿನಸಿ ಅಂಗಡಿ. ಏಕಮುಖವಾದರೆ ಗಾಡಿಯವನು ಮುಂದಕ್ಕೆ ಹೋಗಿ, ಸೇತುವೆಯಡಿ ದಾಟಿ, ಆ ಬದಿಯಲ್ಲಿ 2 ಕಿಲೋಮೀಟರು ಹಿಂದಕ್ಕೆ ಬಂದು, ಮತ್ತೆ ದಾಟಿ ಅಂಗಡಿ ಸೇರಬೇಕು. 200 ಮೀಟರು ಹೋಗಿ 3,800 ಮೀಟರಾಯಿತು! ಹೋಗಿ ಬರಲು 400 ಮೀಟರಿದ್ದದ್ದು 4 ಕಿಲೋಮೀಟರಾಯಿತು, ಹತ್ತು ಪಟ್ಟು. ಪೆಟ್ರೋಲಿನ ಕಾಸು ಯಾರ ಜೇಬಿನಿಂದ? ಪಾಳಿಗೆ ತಡವಾದರೆ ಅರ್ಧ ದಿನದ ಕೂಲಿ ಯಾರದ್ದು? ಇಷ್ಟು ಸುತ್ತುವ ಬದಲು ಜನ ಎದುರು ದಿಕ್ಕಿನಲ್ಲಿ ನುಗ್ಗುತ್ತಾರೆ. ಎದುರಿಗೆ ಯಾರೂ ಬರುವುದಿಲ್ಲವೆಂದು ನಂಬಿ ವೇಗವಾಗಿ ಬರುವ ಲಾರಿಗೆ ಸಿಕ್ಕುತ್ತಾರೆ. ಪ್ರಾಣ ಉಳಿಸಲು ಹಾಕಿದ ಫಲಕವೇ ಪ್ರಾಣ ತೆಗೆದಂತಾಗುತ್ತದೆ.

ಬೆಂಗಳೂರಿನ ರೆಸಿಡೆನ್ಸಿ ರಸ್ತೆ, ಬ್ರಿಗೇಡ್ ರಸ್ತೆಗಳು ಏಕಮುಖವಲ್ಲವೇ ಎನ್ನಬಹುದು. ಹೌದು. ಅಲ್ಲಿ ತಿರುಗಿ ಬರಲು ಸುತ್ತಮುತ್ತ ಬೇರೆ ರಸ್ತೆಗಳಿವೆ. ಇಲ್ಲಿ ನಮಗೂ ಎದುರು ಬದಿಗೂ ನಡುವೆ ಆರು ಪಥದ ಗೋಡೆಯಿದೆ.

ಕಾನೂನು ಏನನ್ನುತ್ತದೆ? 1988ರ ಮೋಟಾರು ವಾಹನ ಕಾಯಿದೆಯ 115ನೆಯ ಕಲಮಿನಂತೆ ರಾಜ್ಯ ಸರ್ಕಾರವೋ ಅದು ನೇಮಿಸಿದ ಅಧಿಕಾರಿಯೋ ಸಾರ್ವಜನಿಕ ಸುರಕ್ಷತೆ ಅಥವಾ ಅನುಕೂಲಕ್ಕಾಗಿ ಸಂಚಾರವನ್ನು ನಿರ್ಬಂಧಿಸಬಹುದು. ಗೊತ್ತುಪಡಿಸಿದ ಬಗೆಯ ವಾಹನಗಳನ್ನು ಮಾತ್ರವೂ ನಿರ್ಬಂಧಿಸಬಹುದು. ಒಂದು ತಿಂಗಳು ಮೀರದ ಆಜ್ಞೆಗೆ ಗೆಜೆಟ್ ಪ್ರಕಟಣೆ ಬೇಕಿಲ್ಲ. ಊರಿನಲ್ಲಿ ತಿಳಿಯಪಡಿಸಿದರೆ ಸಾಕು. ಅಂದಮೇಲೆ ಪರೀಕ್ಷೆ ಮಾಡಿ ನೋಡಲು ದಾರಿಯಿದೆ.

ಆದುದರಿಂದ ನಮ್ಮ ಬೇಡಿಕೆ ಮೂರು. ಒಂದು, ಮೊದಲು ಎಣಿಕೆಯಾಗಲಿ. ಕಬ್ಬು ಸಾಗಿಸುವ ಕಾಲದಲ್ಲಿ, ಸಂತೆಯ ದಿನ, ಪಾಳಿ ಬಿಡುವ ಹೊತ್ತಿನಲ್ಲಿ. ಎರಡು, ದಾಟುವ ದಾರಿ ಹತ್ತಿರವಿರುವೆಡೆ ಒಂದು ತಿಂಗಳು ಏಕಮುಖ ಮಾಡಿ ನೋಡಲಿ; ದೂರವಿರುವೆಡೆ ಲಾರಿಗಳಿಗೆ ಮಾತ್ರ ಏಕಮುಖವಿರಲಿ. ಮೂರು, ತಿಂಗಳಾದ ಮೇಲೆ ಗ್ರಾಮಸಭೆಯಲ್ಲಿ ನಮ್ಮನ್ನು ಕೇಳಿ ಮುಂದುವರಿಯಲಿ.

ವ್ಯಾಪಾರಿ ಬಂಧುಗಳೆ, ನಿಮಗೂ ಒಂದು ಮಾತು. ಅಂಗಡಿಯ ಮೂಟೆ, ಹಲಗೆಗಳು ರಸ್ತೆಗೆ ಇಳಿದಿದ್ದರೆ ಒಳಕ್ಕೆ ತೆಗೆಯಿರಿ. ಸರಕಿನ ಲಾರಿಯನ್ನು ಪಾಳಿ ಬಿಡುವ ಹೊತ್ತಿನಲ್ಲಿ ನಿಲ್ಲಿಸಬೇಡಿ. ಅಗಲವನ್ನು ನಾವೇ ತಿಂದು, ರಸ್ತೆ ಇಕ್ಕಟ್ಟೆಂದು ದೂರಿದರೆ ಯಾರು ಕೇಳುತ್ತಾರೆ?

ಕಾಯಿದೆಯಲ್ಲಿ ಸುರಕ್ಷತೆ, ಅನುಕೂಲ ಎಂಬ ಎರಡು ಮಾತುಗಳಿವೆ. ಕಾರಿನಲ್ಲಿ ಹಾದುಹೋಗುವವನಿಗೆ ಆರು ಪಥ ಕೊಟ್ಟಾಗಿದೆ. ಉಳಿದ ಎರಡು ಪಥದಲ್ಲಾದರೂ ಅನುಕೂಲವೆಂದರೆ ನಡೆಯುವವನ ಅನುಕೂಲ, ಸೈಕಲ್ಲಿನವನ ಅನುಕೂಲವೆಂದಾಗಬೇಕು. ಮುಂದಿನ ಗ್ರಾಮಸಭೆಗೆ ಮನೆಗೊಬ್ಬರಾದರೂ ಬನ್ನಿ. ಲೆಕ್ಕವನ್ನು ಕೈಯಲ್ಲಿ ಹಿಡಿದು ಬನ್ನಿ.