ಕೋಪನ್‌ಹೇಗನ್‌ಗೆ ಹೋಗ್ತೀರಾ? ಸೈಕಲ್ ಬಗ್ಗೆ ಎಚ್ಚರ!

ಡೆನ್ಮಾರ್ಕ್ ರಾಜಧಾನಿ ಕೋಪನ್‌ಹೇಗನ್‌ನಲ್ಲಿ, 1843ರಲ್ಲಿ ಶುರುವಾದ ಟಿವೊಲಿ ಪಾರ್ಕ್ ಎದುರು ಫೋಟೊ ತೆಗೆಯೋಕೆ ಅಂತ ಎರಡು ಹೆಜ್ಜೆ ಹಿಂದೆ ಸರಿದೆ. ನಿಂತಿದ್ದು ಸೈಕಲ್ ಪಥದಲ್ಲಿ! ಮುಂದಿನ ಪೆಟ್ಟಿಗೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡಿದ್ದ ತಾಯಿಯೊಬ್ಬರು ಬೆಲ್ ಬಾರಿಸುತ್ತಾ ಕೂದಲೆಳೆಯಲ್ಲಿ ತಪ್ಪಿಸಿಕೊಂಡು ಹೋದರು. ನನ್ನ ಎದೆ ಧಸಕ್ ಅಂತು.

ಅಲ್ಲಿ ಫುಟ್‌ಪಾತ್‌ಗೂ ರಸ್ತೆಗೂ ನಡುವೆ ಸೈಕಲ್‌ಗೇ ಬೇರೆ ದಾರಿ ಇದೆ. ದಾಟುವ ಮುನ್ನ ತಿರುಗಿ ನೋಡಿ. ಬಾಡಿಗೆ ಸೈಕಲ್ ತಗೊಂಡ್ರೆ ಬಲಬದಿಯಲ್ಲೇ ಹೋಗಿ. ನಿಲ್ಲಿಸುವ ಮೊದಲು ಕೈ ಎತ್ತಿ ತೋರಿಸಿ. ಎಡಕ್ಕೆ ಹೋಗಬೇಕಾದ್ರೆ ಸರ್ಕಲ್‌ನಲ್ಲಿ ನೇರ ದಾಟಿ, ಬಲ ಅಂಚಿನಲ್ಲಿ ನಿಂತು, ಆಮೇಲೆ ತಿರುಗಿ. ವಾಹನ ಇಲ್ಲದಿದ್ರೂ ಕೆಂಪು ದೀಪಕ್ಕೆ ಕಾಯಿರಿ.

ನಮಗದು ಪ್ರವಾಸ, ಆ ತಾಯಿಗೆ ಮಕ್ಕಳನ್ನು ಶಾಲೆಗೆ ಬಿಡುವ ಹೊತ್ತು.