ಬೇರೆ ನಿಲ್ಲದ ಮಕ್ಕಳು

ಇಂದು ಪದವೀಧರರಾಗುತ್ತಿರುವ ನನ್ನ ಪ್ರೀತಿಯ ವಿದ್ಯಾರ್ಥಿಗಳೇ,

ಇಂದು ನಿಮ್ಮ ಕೈಗೆ ಒಂದು ಕಾಗದ ಬರುತ್ತಿದೆ. ಅದರಲ್ಲಿ ನಿಮ್ಮ ಹೆಸರಿದೆ, ನೀವು ಕಷ್ಟಪಟ್ಟು ಗಳಿಸಿದ ವಿದ್ಯೆಯ ಹೆಸರಿದೆ. ಈ ಹೊತ್ತಿನಲ್ಲಿ ನಾನು ಇನ್ನೊಂದು ಕಾಗದದ ಕಥೆ ಹೇಳಬೇಕೆಂದು ಬಂದಿದ್ದೇನೆ. ಶುಭದಿನದಂದು ಸಾವಿನ ಮಾತೇಕೆ ಎಂದು ಹಿರಿಯರು ಬೇಸರಿಸಬಾರದು. ಓದಿದವರು ಕೇಳಲೇಬೇಕಾದ ಕಥೆ ಇದು.

ರುವಾಂಡಾ ಆಫ್ರಿಕಾದ ಪುಟ್ಟ ಗುಡ್ಡಗಾಡು ದೇಶ. ಹುಟು, ಟುಟ್ಸಿ, ಟ್ವಾ ಎಂಬ ಜನ ಅಲ್ಲಿ ಒಂದೇ ಭಾಷೆ ಆಡುತ್ತ, ಒಂದೇ ಗುಡ್ಡದಲ್ಲಿ ನೆರೆಹೊರೆಯಾಗಿ, ಹೆಣ್ಣು ಕೊಟ್ಟು ತಂದು ಬಾಳುತ್ತಿದ್ದರು. 1930ರ ದಶಕದಲ್ಲಿ ಬೆಲ್ಜಿಯಂನ ವಸಾಹತು ಆಡಳಿತ ಎಲ್ಲರಿಗೂ ಗುರುತಿನ ಚೀಟಿ ಕೊಟ್ಟು, ಅದರಲ್ಲಿ ಜನಾಂಗವನ್ನೂ ಬರೆಸಿತು. 1962ರಲ್ಲಿ ಸ್ವಾತಂತ್ರ್ಯ ಬಂತು, ಆದರೆ ಚೀಟಿಯ ಆ ಸಾಲು ಅಳಿಯಲಿಲ್ಲ. ಶಾಲೆಯಲ್ಲಿ ಮೇಷ್ಟ್ರು "ಟುಟ್ಸಿಗಳು ಎದ್ದು ನಿಲ್ಲಿ" ಎಂದಾಗ ತಾವು ತಲೆ ತಗ್ಗಿಸಿ ನಿಂತದ್ದನ್ನು ಬದುಕುಳಿದವರು ಇಂದಿಗೂ ನೆನೆಯುತ್ತಾರೆ.

1994ರ ಏಪ್ರಿಲ್ 6ರ ರಾತ್ರಿ ಅಧ್ಯಕ್ಷ ಹಬ್ಯಾರಿಮಾನ ಅವರಿದ್ದ ವಿಮಾನವನ್ನು ಯಾರೋ ಹೊಡೆದುರುಳಿಸಿದರು. ಬೆಳಗಾಗುವುದರೊಳಗೆ ರಸ್ತೆಗಳನ್ನು ಅಡ್ಡಗಟ್ಟಿಯಾಗಿತ್ತು. ಮಚ್ಚು ಹಿಡಿದು ನಿಂತವರು ಕೇಳುತ್ತಿದ್ದುದು ಒಂದೇ ಮಾತು: ಚೀಟಿ ತೋರಿಸು. ಟುಟ್ಸಿ ಎಂದಿದ್ದರೆ ಅಲ್ಲಿಗೆ ಮುಗಿಯಿತು. ಬೆನ್ನಿಗೆ ಕಟ್ಟಿಕೊಂಡ ಕೂಸನ್ನೂ ಬಿಡಲಿಲ್ಲ. ಕೊಲ್ಲಲು ಒಪ್ಪದ, ನೆರೆಯವರನ್ನು ಬಚ್ಚಿಟ್ಟ ಹುಟುಗಳನ್ನೂ ಕೊಂದರು. ಸುಮಾರು 100 ದಿನಗಳಲ್ಲಿ ಸತ್ತವರು 8 ಲಕ್ಷದಿಂದ 10 ಲಕ್ಷ ಎಂಬ ಅಂದಾಜಿದೆ.

ನಾವು ಇಂಥದ್ದಕ್ಕೆ ನರಮೇಧ ಎನ್ನುತ್ತೇವೆ. ಆದರೆ ಒಂದು ಜನಾಂಗವನ್ನೇ ಬೇರುಸಹಿತ ಕೀಳುವ ಉದ್ದೇಶದ ಕೊಲೆಗೆ ಬೇರೆಯದೇ ಹೆಸರು ಬೇಕು ಎಂದವರು ಪೋಲೆಂಡಿನ ಯಹೂದಿ ನ್ಯಾಯವಾದಿ ರಫಾಯೆಲ್ ಲೆಮ್‌ಕಿನ್. 1944ರಲ್ಲಿ ಅವರು 'ಜೆನೊಸೈಡ್' ಎಂಬ ಪದ ಕಟ್ಟಿದರು. ಅವರ ಪಟ್ಟುಬಿಡದ ದುಡಿಮೆಯಿಂದ 1948ರ ಡಿಸೆಂಬರ್ 9ರಂದು ವಿಶ್ವಸಂಸ್ಥೆ ಜನಾಂಗಹತ್ಯೆಯ ವಿರುದ್ಧದ ಒಪ್ಪಂದವನ್ನು ಅಂಗೀಕರಿಸಿತು. 1959ರಲ್ಲಿ ಭಾರತವೂ ಅದನ್ನು ಸ್ಥಿರೀಕರಿಸಿತು. ಹೀಗೆ ಪದವೂ ಇತ್ತು, ಕಾನೂನೂ ಇತ್ತು. ಆದರೂ ರುವಾಂಡಾ ಉರಿಯುತ್ತಿದ್ದಾಗಲೇ ಭದ್ರತಾ ಮಂಡಳಿ ಅಲ್ಲಿನ ತನ್ನ ಶಾಂತಿಪಾಲನಾ ಪಡೆಯನ್ನು 270 ಮಂದಿಗೆ ಇಳಿಸಲು ತೀರ್ಮಾನಿಸಿತು. ಕಾನೂನು ತಾನಾಗಿ ಎದ್ದು ಬಂದು ಯಾರನ್ನೂ ಕಾಯುವುದಿಲ್ಲ.

ವಿದ್ಯೆಯೂ ಅಷ್ಟೇ. ಇದನ್ನು ನಿಮ್ಮ ಮುಂದೆ ಹೇಳಲು ನನಗೆ ನೋವಾಗುತ್ತದೆ, ಆದರೂ ಹೇಳುತ್ತೇನೆ. ಟುಟ್ಸಿಗಳನ್ನು ಜಿರಳೆ ಎಂದು ಕರೆದು, ಕೊಲ್ಲಬೇಕಾದವರ ಹೆಸರು ಓದಿದ ಆರ್‌ಟಿಎಲ್‌ಎಂ ರೇಡಿಯೊವನ್ನು ಕಟ್ಟಿದವರಲ್ಲಿ ಫರ್ಡಿನಾಂಡ್ ನಹಿಮಾನ ಎಂಬಾತ ವಿಶ್ವವಿದ್ಯಾಲಯದ ಇತಿಹಾಸ ಪ್ರಾಧ್ಯಾಪಕ. ಟಾಬಾ ಎಂಬಲ್ಲಿನ ಮೇಯರ್ ಜಾನ್ ಪಾಲ್ ಅಕಾಯೆಸು ಮೊದಲು ಶಿಕ್ಷಕ, ಆಮೇಲೆ ಶಾಲಾ ಇನ್‌ಸ್ಪೆಕ್ಟರ್. ಮೊದಲ ಕೆಲವು ದಿನ ಆತ ತನ್ನ ಊರಿಗೆ ಹಿಂಸೆ ನುಗ್ಗದಂತೆ ತಡೆದ. ಏಪ್ರಿಲ್ 18ರಂದು ಸರ್ಕಾರದ ಸಭೆಗೆ ಹೋಗಿ ಬಂದ ಮೇಲೆ ಕೊಲ್ಲುವವರ ಜೊತೆ ಸೇರಿದ. 1998ರಲ್ಲಿ ಅಂತರರಾಷ್ಟ್ರೀಯ ನ್ಯಾಯಮಂಡಳಿಯೊಂದು ಜನಾಂಗಹತ್ಯೆಗಾಗಿ ನೀಡಿದ ಮೊಟ್ಟಮೊದಲ ತೀರ್ಪು ಈತನ ಮೇಲಿನದು. ಆ ಮೊದಲ ದಿನಗಳೇ ನನ್ನನ್ನು ಹೆಚ್ಚು ಕಾಡುತ್ತವೆ. ಸರಿ ಯಾವುದು, ತಪ್ಪು ಯಾವುದು ಎಂದು ಆತನಿಗೆ ಗೊತ್ತಿತ್ತು. ಗೊತ್ತಿದ್ದದ್ದರ ಮೇಲೆ ನಿಲ್ಲಲು ಬೇಕಾದ ಕಸುವು ಇರಲಿಲ್ಲ.

ಆ ಕಸುವು ಎಂಥದ್ದೆಂದು ತೋರಿಸಿದವರು ನಿಮಗಿಂತ ಚಿಕ್ಕವರು. 1997ರ ಮಾರ್ಚ್ 18. ರುವಾಂಡಾದ ನ್ಯಾಂಗೆ ಪ್ರೌಢಶಾಲೆಯ ಮಕ್ಕಳು ರಾತ್ರಿ ಊಟ ಮುಗಿಸಿ ತರಗತಿಯಲ್ಲಿ ಓದುತ್ತ ಕುಳಿತಿದ್ದರು. ಬಂದೂಕು ಹಿಡಿದವರು ಒಳನುಗ್ಗಿ, ಹುಟುಗಳು ಒಂದು ಕಡೆ, ಟುಟ್ಸಿಗಳು ಒಂದು ಕಡೆ ನಿಲ್ಲಿ ಎಂದರು. ಹುಟು ಮಕ್ಕಳು ಎದ್ದು ಆಚೆ ಸರಿದಿದ್ದರೆ ಜೀವ ಉಳಿಯುತ್ತಿತ್ತು. ಯಾರೂ ಸರಿಯಲಿಲ್ಲ. ನಾವೆಲ್ಲ ರುವಾಂಡಾದವರು ಎಂದರು. ಗುಂಡು ಹಾರಿತು, ಗ್ರೆನೇಡ್ ಸಿಡಿಯಿತು. ಆರು ಮಕ್ಕಳು ಪ್ರಾಣ ಬಿಟ್ಟರು, ಅನೇಕರು ಗಾಯಗೊಂಡರು. ಹಿಂದೆ ಇಂಥದೇ ತರಗತಿಗಳಲ್ಲಿ ಮೇಷ್ಟ್ರು ಬೇರೆ ಮಾಡಿ ನಿಲ್ಲಿಸಿದ್ದ ಮಕ್ಕಳನ್ನು ಆ ರಾತ್ರಿ ಬಂದೂಕಿಗೂ ಬೇರೆ ಮಾಡಲಾಗಲಿಲ್ಲ. ಇಂದು ಆ ದೇಶ ಅವರನ್ನು ರಾಷ್ಟ್ರವೀರರೆಂದು ಗೌರವಿಸುತ್ತದೆ.

ವಿದ್ಯಾರ್ಥಿಗಳೇ, ನಿಮಗೆ ಅಂಥ ರಾತ್ರಿ ಎಂದೂ ಬಾರದಿರಲಿ. ಆದರೆ ಚಿಕ್ಕ ಚಿಕ್ಕ ಪರೀಕ್ಷೆಗಳು ಬಂದೇ ಬರುತ್ತವೆ. ನಾಳೆ ನೀವು ಕಚೇರಿಯಲ್ಲಿ, ಪತ್ರಿಕೆಯಲ್ಲಿ, ಆಸ್ಪತ್ರೆಯಲ್ಲಿ, ಸಾಫ್ಟ್‌ವೇರ್ ಕಂಪನಿಯಲ್ಲಿ ಜನರ ಪಟ್ಟಿ ಮಾಡುವ ಜಾಗದಲ್ಲೇ ಕೂರುತ್ತೀರಿ. ಪಟ್ಟಿಯಿಂದ ಹಕ್ಕು ಕೊಡಲೂ ಬರುತ್ತದೆ, ಕಸಿಯಲೂ ಬರುತ್ತದೆ. ಈ ಪಟ್ಟಿ ಯಾವುದಕ್ಕೆ ಎಂದು ಕೇಳಿ. ಬಾಡಿಗೆ ಮನೆಯ ಬಾಗಿಲಲ್ಲಿ ಒಬ್ಬರನ್ನು ಹೆಸರು ಕೇಳಿ ವಾಪಸ್ ಕಳಿಸಿದರೆ ಅವರ ಜೊತೆ ನಿಲ್ಲಿ. ಯಾವುದೋ ಜನರನ್ನು ಹುಳ, ಗೆದ್ದಲು ಎನ್ನುವ ಸಂದೇಶ ಫೋನಿಗೆ ಬಂದರೆ ಮುಂದಕ್ಕೆ ಕಳಿಸಬೇಡಿ. ಕಳಿಸಿದ ಗೆಳೆಯನಿಗೆ ಇದು ತಪ್ಪು ಎಂದು ನೇರವಾಗಿ ಹೇಳಿ. ಅಭ್ಯಾಸ ಇಲ್ಲದ ಧೈರ್ಯ ದೊಡ್ಡ ಗಳಿಗೆಯಲ್ಲಿ ಕೈಕೊಡುತ್ತದೆ.

ಇಂದು ಮನೆಗೆ ಹೋಗಿ ಈ ಪದವಿ ಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿ. ಅಪ್ಪ ಅಮ್ಮ ಕಣ್ತುಂಬ ನೋಡಲಿ. ನೀವೂ ನೋಡಿದಾಗಲೆಲ್ಲ, ಇಂಥ ಕಾಗದ ಕೈಸೇರದೆ ಹೋದ ಆ ಆರು ಮಕ್ಕಳನ್ನು ಒಮ್ಮೆ ನೆನೆಯಿರಿ.